ಸೊಂಟದ ತಳದ ಜೋಲಿ



ಈ ಪಾಠದಲ್ಲಿ ನಾವು ನಮ್ಮ ಮೈಯ ಒಂದು ಭಾಗದ ಬಗ್ಗೆ ಓದೋಣ. ಅದು ಕಣ್ಣಿಗೆ ಕಾಣೋದಿಲ್ಲ. ಅದರ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಆದರೆ ನಾವು ನಿಂತಾಗ, ಕೆಮ್ಮಿದಾಗ, ಕೊಡ ಎತ್ತಿದಾಗ, ಬಸಿರಾದಾಗ ಅದೇ ನಮ್ಮ ಭಾರ ಹೊರುತ್ತದೆ.

ಮೊದಲು ಒಂದು ಸಂಗತಿ ಕೇಳಿ.

ಬಾಗಿಲ ಹತ್ತಿರ ಕೂರುವ ಅಕ್ಕ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಅಕ್ಷರಗಳನ್ನು ಬೇಗ ಬೇಗ ಕಲಿತರು. ಆದರೆ ಯಾವಾಗಲೂ ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರವೇ ಕೂರುತ್ತಿದ್ದರು. ಎಲ್ಲರೂ ನಕ್ಕಾಗ ಅವರು ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದರು. ಒಂದು ಸಂಜೆ ಅವರಿಗೆ ಕೆಮ್ಮು ಬಂತು. ತಟ್ಟನೆ ಎದ್ದು ಹೊರಗೆ ಹೋದರು. ಆಮೇಲೆ ನಾಲ್ಕು ದಿನ ಬರಲೇ ಇಲ್ಲ.

ನಾವು ಅವರ ಮನೆಗೆ ಹೋದೆವು.

"ಯಾಕಕ್ಕಾ, ಪಾಠಕ್ಕೆ ಬರಲಿಲ್ಲ?"

ಅಕ್ಕ ಬಾಗಿಲು ಮುಂದಕ್ಕೆ ಎಳೆದರು. ಮೆತ್ತಗೆ ಹೇಳಿದರು.

"ಏನು ಹೇಳಲಿ? ಕೆಮ್ಮಿದರೆ, ಸೀನಿದರೆ, ನಕ್ಕರೆ ಸೀರೆ ಒದ್ದೆ ಆಗತ್ತೆ. ಸಂಜೆ ಹೊತ್ತಿಗೆ ಕೆಳಗೆ ಏನೋ ಜಾರಿ ಬಂದ ಹಾಗೆ. ಕೂತರೆ ಉಂಡೆ ಮೇಲೆ ಕೂತ ಹಾಗೆ. ಸೊಂಟ ಜಗ್ಗತ್ತೆ."

"ಎಷ್ಟು ದಿನದಿಂದ?"

"ಮೂರನೇ ಹೆರಿಗೆ ಆದಾಗಿನಿಂದ. ಆ ಹುಡುಗ ಈಗ ಏಳನೇ ಕ್ಲಾಸು."

"ಯಾರಿಗೂ ಹೇಳಲಿಲ್ವಾ?"

"ಇದನ್ನ ಯಾರ ಹತ್ರ ಹೇಳ್ಕೊಳ್ಳೋದು? ಹೆಂಗಸಾಗಿ ಹುಟ್ಟಿದ ಮೇಲೆ ಇದೆಲ್ಲಾ ಇದ್ದದ್ದೇ ಅಂತ ಸುಮ್ಮನಾದೆ. ಪಾಠಕ್ಕೆ ಬರೋ ದಿನ ಮಧ್ಯಾಹ್ನದಿಂದ ನೀರೇ ಕುಡಿಯಲ್ಲ."

ಹನ್ನೆರಡು ವರ್ಷ! ಹನ್ನೆರಡು ವರ್ಷ ಆ ಅಕ್ಕ ನಗು ತಡೆದರು, ನೀರು ಬಿಟ್ಟರು, ಮದುವೆ ಮನೆಗೆ ಹೋಗೋದು ಬಿಟ್ಟರು.

"ಅಕ್ಕಾ, ಈ ವಿಷಯ ಕೇಂದ್ರದಲ್ಲಿ ಮಾತಾಡೋಣವೇ?" ಎಂದು ಕೇಳಿದೆವು.

"ಮಾತಾಡಿ. ನನ್ನ ಹೆಸರು ಮಾತ್ರ ಹೇಳಬೇಡಿ" ಅಂದರು.

ಅದಕ್ಕೇ ಇಲ್ಲಿ ಅವರ ಹೆಸರು ಬರೆದಿಲ್ಲ.

ಮುಂದಿನ ವಾರ ನಮ್ಮೂರಿನ ನರ್ಸಮ್ಮನನ್ನು ಕೇಂದ್ರಕ್ಕೆ ಕರೆದೆವು. ಅಂದು ಗಂಡಸರು ಯಾರೂ ಇರಲಿಲ್ಲ. ವಿಷಯ ಕೇಳುತ್ತಲೇ ಎಲ್ಲರೂ ತಲೆ ತಗ್ಗಿಸಿದರು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಮಾತ್ರ ಬಾಯಿ ಬಿಟ್ಟರು. "ನನಗೂ ಇತ್ತು ಕಣವ್ವಾ. ನಮ್ಮವ್ವನಿಗೂ ಇತ್ತು. ಅವ್ವ ಸಾಯೋವರೆಗೂ ಬಟ್ಟೆ ಕಟ್ಟಿಕೊಂಡೇ ಓಡಾಡಿದಳು" ಅಂದರು. ಆಮೇಲೆ ಒಬ್ಬೊಬ್ಬರಾಗಿ ಮಾತು ಶುರು ಮಾಡಿದರು.

ಸೊಂಟದ ಬಟ್ಟಲು

ನಿಮ್ಮ ಎರಡೂ ಕೈ ಸೊಂಟದ ಮೇಲೆ ಇಡಿ. ಎರಡು ಕಡೆ ಗಟ್ಟಿ ಮೂಳೆ ಸಿಗುತ್ತದೆ. ಅದು ಬಟ್ಟಲಿನ ಆಕಾರದಲ್ಲಿದೆ. ಆದರೆ ಈ ಬಟ್ಟಲಿಗೆ ಮೂಳೆಯ ತಳ ಇಲ್ಲ. ತಳದಲ್ಲಿ ಮೂಳೆ ಇದ್ದಿದ್ದರೆ ಮಗು ಹೊರಗೆ ಬರುವುದು ಹೇಗೆ?

ತಳದಲ್ಲಿ ಇರುವುದು ಸ್ನಾಯು. ಸ್ನಾಯು ಅಂದರೆ ಬಿಗಿ ಮಾಡಲು, ಸಡಿಲ ಬಿಡಲು ಬರುವ ಮಾಂಸಖಂಡ. ಅದು ಮುಂದುಗಡೆಯ ಮೂಳೆಯಿಂದ ಬೆನ್ನಿನ ಕೊನೆಯ ಮೂಳೆಯವರೆಗೆ ಹರಡಿದೆ. ಮಗುವನ್ನು ಮಲಗಿಸಲು ನಾವು ಸೀರೆಯಲ್ಲಿ ಜೋಲಿ ಕಟ್ಟುತ್ತೇವಲ್ಲ, ಹಾಗೆಯೇ ಇದೂ ಒಂದು ಜೋಲಿ.

ಈ ಜೋಲಿಯ ಮೇಲೆ ಮೂರು ಅಂಗಗಳು ಕೂತಿವೆ. ಮುಂದೆ ಮೂತ್ರಕೋಶ. ನಡುವೆ ಗರ್ಭಕೋಶ. ಹಿಂದೆ ಮಲದ ಚೀಲ. ಮೂರಕ್ಕೂ ಒಂದೊಂದು ದಾರಿ ಇದೆ. ಮೂರೂ ದಾರಿ ಜೋಲಿಯ ನಡುವಿನ ಕಿಂಡಿಯಿಂದಲೇ ಹೊರಗೆ ಬರುತ್ತವೆ. ಜೋಲಿ ಬಿಗಿಯಾಗಿದ್ದರೆ ಕಿಂಡಿ ಮುಚ್ಚಿರುತ್ತದೆ.

ಅಜ್ಜಿಯ ಕಾಲದಲ್ಲಿ ಹಾಲಿನ ಗಡಿಗೆಯನ್ನು ನೆಲುವಿನಲ್ಲಿ ಇಡುತ್ತಿದ್ದರು. ನೆಲುವು ಅಂದರೆ ಸೂರಿನಿಂದ ಇಳಿಬಿಟ್ಟ ಹಗ್ಗದ ಬಲೆ. ಗರ್ಭಕೋಶಕ್ಕೂ ಇಂಥ ಹಗ್ಗಗಳಿವೆ. ಅವು ಗರ್ಭಕೋಶವನ್ನು ಸೊಂಟದ ಮೂಳೆಗೆ ಹಿಡಿದು ಕಟ್ಟಿವೆ. ಅಂದರೆ ಮೇಲಿನಿಂದ ಹಗ್ಗ, ಕೆಳಗಿನಿಂದ ಜೋಲಿ. ಎರಡೂ ಸೇರಿ ಭಾರ ಹಂಚಿಕೊಳ್ಳುತ್ತವೆ.

ಸೀರೆ ಮತ್ತು ಕೊಡ

ನರ್ಸಮ್ಮ ಒಂದು ಹಳೇ ಹತ್ತಿ ಸೀರೆ ತರಿಸಿದರು. ನಾಲ್ಕು ಮಡಿಕೆ ಮಾಡಿದರು. ನಾಲ್ಕು ಜನ ಅಕ್ಕಂದಿರು ನಾಲ್ಕು ಮೂಲೆ ಹಿಡಿದರು. ನಡುವೆ ಅರ್ಧ ಕೊಡ ನೀರು ಇಟ್ಟರು. ನೀವೂ ಮಾಡಿ ನೋಡಿ.

ಮೊದಲ ಆಟ. ಮೂಲೆಗಳನ್ನು ಎಳೆದು ಹಿಡಿದರು. ಸೀರೆ ಬಿಗಿಯಾಯಿತು. ಕೊಡ ಮೇಲೆಯೇ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಕೈ ಸೋತಿತು. ಕೊಡ ಮೆಲ್ಲನೆ ಕೆಳಗೆ ಇಳಿಯಿತು. ಕೊಡದ ಭಾರ ಹೆಚ್ಚಾಗಲಿಲ್ಲ. ಹಿಡಿದ ಕೈ ಸೋತಿತು, ಅಷ್ಟೆ.

ಎರಡನೇ ಆಟ. ಕೊಡದ ಕಂಠಕ್ಕೆ ಒಂದು ದಾರ ಕಟ್ಟಿ ಒಬ್ಬ ಅಕ್ಕ ಮೇಲೆ ಹಿಡಿದರು. ಸೀರೆ ಬಿಗಿ ಇದ್ದಾಗ ದಾರಕ್ಕೆ ಕೆಲಸವೇ ಇರಲಿಲ್ಲ. ಸೀರೆ ಸಡಿಲ ಬಿಟ್ಟೊಡನೆ ಪೂರಾ ಭಾರ ದಾರದ ಮೇಲೆ ಬಿತ್ತು. ದಾರ ಬೆರಳು ಕೊಯ್ಯತೊಡಗಿತು. ನಮ್ಮ ಮೈಯಲ್ಲೂ ಹೀಗೇ. ಜೋಲಿ ಸೋತರೆ ಭಾರವೆಲ್ಲಾ ಹಗ್ಗಕ್ಕೆ. ಹಗ್ಗ ಎಷ್ಟು ದಿನ ತಡೆದೀತು? ಅದೂ ಮೆಲ್ಲಗೆ ಉದ್ದ ಆಗುತ್ತದೆ.

ಮೂರನೇ ಆಟ. ಸೀರೆಯ ನಡುವೆ ಒಂದು ಸಣ್ಣ ಸೀಳು ಮಾಡಿದರು. ಖಾಲಿ ಚೊಂಬು ಇಟ್ಟರು. ಚೊಂಬು ನಿಂತಿತು. ಸೀಳು ಅಗಲ ಮಾಡಿದರು. ಚೊಂಬಿನ ತಳ ಕೆಳಗೆ ಇಣುಕಿತು. ಕೈಯಿಂದ ಮೇಲಿನಿಂದ ಒತ್ತಿದರು. ಸೀಳು ಇನ್ನೂ ಹರಿಯಿತು, ಚೊಂಬು ಜಾರಿತು.

ಬಾಗಿಲ ಹತ್ತಿರ ಕೂರುವ ಅಕ್ಕ ಅದನ್ನು ನೋಡುತ್ತಾ ನಿಂತರು. "ಅಯ್ಯೋ, ನನಗೆ ಆಗೋದು ಇದೇ ಅಲ್ವಾ?" ಅಂದರು. ಹೆಸರು ಹೇಳಬೇಡಿ ಅಂದವರು ತಾವೇ ಹೇಳಿಕೊಂಡರು.

ಒತ್ತಡ ಅಂದರೇನು?

ನಮ್ಮ ಹೊಟ್ಟೆ ನೀರು ತುಂಬಿ ಬಾಯಿ ಕಟ್ಟಿದ ಚೀಲದ ಹಾಗೆ. ಎಲ್ಲಿ ಒತ್ತಿದರೂ ಒತ್ತಡ ಎಲ್ಲಾ ಕಡೆ ಹರಡುತ್ತದೆ. ಕೆಮ್ಮಿದಾಗ ಹೊಟ್ಟೆ ಬಿಗಿಯುತ್ತದೆ. ಆ ಒತ್ತಡ ಕೆಳಗೂ ಇಳಿಯುತ್ತದೆ. ಕೆಳಗೆ ತಡೆಯಲು ಇರುವುದು ನಮ್ಮ ಜೋಲಿ ಒಂದೇ.

ಎಷ್ಟು ಒತ್ತಡ? ಸೊಂಟದವರೆಗೆ ನೀರು ನಿಂತ ತೊಟ್ಟಿಯನ್ನು ನೆನೆಯಿರಿ. ಅದರ ತಳದ ಮೇಲೆ ನೀರಿನ ಭಾರ ಬೀಳುತ್ತದೆ. ಜೋರಾಗಿ ಕೆಮ್ಮಿದಾಗ ಸುಮಾರು ಅಷ್ಟೇ ಒತ್ತಡ, ಅಂದರೆ ಸುಮಾರು 1 ಮೀಟರ್ ಎತ್ತರದ ನೀರಿನ ಒತ್ತಡ, ನಮ್ಮ ಜೋಲಿಯ ಮೇಲೆ ಬೀಳುತ್ತದೆ. ಆದರೆ ಒಂದೇ ಕ್ಷಣ.

ಗಟ್ಟಿ ಜೋಲಿಗೆ ಇದು ಕಷ್ಟವಲ್ಲ. ನಾವು ಕೆಮ್ಮುವ ಒಂದು ಕ್ಷಣ ಮುಂಚೆಯೇ ಅದು ತಾನಾಗಿಯೇ ಬಿಗಿಯುತ್ತದೆ. ನಮಗೆ ಗೊತ್ತೂ ಆಗೋದಿಲ್ಲ. ಸೋತ ಜೋಲಿ ತಡವಾಗಿ ಬಿಗಿಯುತ್ತದೆ, ಇಲ್ಲವೇ ಬಿಗಿಯೋದೇ ಇಲ್ಲ. ಆಗ ಒಂದೆರಡು ಹನಿ ಮೂತ್ರ ಹೊರಗೆ ಬರುತ್ತದೆ.

ಇನ್ನೊಂದು ಮಾತು. ಗಾಳಿ ಜೋರಾಗಿ ಬೀಸುವಾಗ ಸಣ್ಣ ಕಿಟಕಿಯನ್ನು ಒಂದು ಕೈಯಲ್ಲಿ ಹಿಡಿಯಬಹುದು. ಅದೇ ಗಾಳಿಗೆ ದೊಡ್ಡ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದರೂ ಕಷ್ಟ. ಗಾಳಿ ಒಂದೇ. ಬಾಗಿಲು ಅಗಲ, ಅದಕ್ಕೇ ಭಾರ ಹೆಚ್ಚು. ಜೋಲಿಯ ಕಿಂಡಿಯೂ ಹಾಗೆ. ಕಿಂಡಿ ಅಗಲ ಆದಷ್ಟೂ ಅದರ ಮೇಲೆ ಬೀಳುವ ಭಾರ ಹೆಚ್ಚು. ಭಾರ ಹೆಚ್ಚಾದಷ್ಟೂ ಕಿಂಡಿ ಇನ್ನೂ ಅಗಲ. ಅದಕ್ಕೇ ಈ ತೊಂದರೆಯನ್ನು ಬೇಗ ಗುರುತಿಸಬೇಕು.

ಎಳೆತ ಎರಡು ಬಗೆ

ಮಗುವಿನ ಚಡ್ಡಿಯ ಎಲಾಸ್ಟಿಕ್ ಎಳೆದು ಬಿಡಿ. ಪಟ್ಟನೆ ಮೊದಲಿನ ಹಾಗೆ ಆಗುತ್ತದೆ. ಅದೇ ಎಲಾಸ್ಟಿಕ್ಕನ್ನು ದೊಡ್ಡ ಡಬ್ಬಿಯ ಸುತ್ತ ಹಾಕಿ ಒಂದು ವಾರ ಬಿಡಿ. ತೆಗೆದಾಗ ಸಡಿಲ ಆಗಿರುತ್ತದೆ. ನಮ್ಮ ಮೈಯ ಜೋಲಿಗೂ ಹಗ್ಗಕ್ಕೂ ಇದೇ ಗುಣ ಇದೆ. ಒಂದು ಕ್ಷಣದ ಎಳೆತ ತಡೆಯುತ್ತವೆ. ದಿನವಿಡೀ, ವರ್ಷವಿಡೀ ಎಳೆದರೆ ಮೆಲ್ಲಗೆ ಉದ್ದ ಆಗುತ್ತವೆ. ಬೆಳಗ್ಗೆ ಎದ್ದಾಗ ಹಗುರ, ಸಂಜೆ ಹೊತ್ತಿಗೆ ಭಾರ ಅನ್ನಿಸುವುದು ಇದಕ್ಕೇ. ರಾತ್ರಿ ಮಲಗಿದಾಗ ಜೋಲಿಗೆ ವಿರಾಮ ಸಿಗುತ್ತದೆ.

ಜೋಲಿ ಸಡಿಲ ಆಗುವುದು ಯಾಕೆ?

ಹೆರಿಗೆ: ಮಗುವಿನ ತಲೆ ಬರುವಾಗ ಜೋಲಿಯ ಒಳ ಅಂಚು ತನ್ನ ಉದ್ದದ ಮೂರು ಪಟ್ಟಿಗೂ ಹೆಚ್ಚು ಹಿಗ್ಗಬೇಕಾಗುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮೈಯ ಬೇರೆ ಸ್ನಾಯು ಇಷ್ಟು ಹಿಗ್ಗಿದರೆ ಹರಿದೇ ಹೋಗುತ್ತದೆ. ಬಸಿರಿನಲ್ಲಿ ಜೋಲಿ ಮೆತ್ತಗಾಗಿ ಸಿದ್ಧವಾಗುತ್ತದೆ. ಬಹಳ ಜನರಿಗೆ ಹೆರಿಗೆ ಆದ ಮೇಲೆ ಕೆಲವು ತಿಂಗಳಲ್ಲಿ ಮತ್ತೆ ಬಿಗಿ ಬರುತ್ತದೆ. ಕೆಲವರಿಗೆ ಸ್ನಾಯು ಮುಂದಿನ ಮೂಳೆಯಿಂದ ಕಿತ್ತು ಬಂದಿರುತ್ತದೆ. ದೊಡ್ಡ ಮಗು, ಬಹಳ ಹೊತ್ತಿನ ಹೆರಿಗೆ, ಮೇಲಿಂದ ಮೇಲೆ ಹೆರಿಗೆ ಆದರೆ ಅಪಾಯ ಹೆಚ್ಚು. ಹೆರಿಗೆಯಲ್ಲಿ ಹೊಟ್ಟೆಯ ಮೇಲೆ ಕೈಯೂರಿ ಒತ್ತಿಸಬಾರದು.

ಕೆಮ್ಮು: ಒಲೆಯ ಹೊಗೆ, ಬೀಡಿ ಹೊಗೆ, ಬಹಳ ದಿನದ ಕೆಮ್ಮು. ದಿನಕ್ಕೆ ನೂರು ಸಲ ಕೆಮ್ಮಿದರೆ ಜೋಲಿಗೆ ನೂರು ಏಟು.

ಮಲಬದ್ಧತೆ: ಗಟ್ಟಿ ಮಲಕ್ಕೆ ದಿನಾ ತಿಣುಕಿದರೆ ಒತ್ತಡ ಕೆಳಗೇ ಬೀಳುತ್ತದೆ. ಬಾಣಂತಿಗೆ ನೀರು, ಸೊಪ್ಪು, ಹಣ್ಣು ಕಡಿಮೆ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದು ತಪ್ಪು. ಬಾಣಂತಿ ಬೇಕಾದಷ್ಟು ನೀರು ಕುಡಿಯಬೇಕು.

ಭಾರ: 15 ಲೀಟರಿನ ಕೊಡ ಅಂದರೆ 15 ಕೆಜಿ ನೀರು. ಕೊಡದ ತೂಕ ಬೇರೆ. ಹಸಿ ಬಾಣಂತಿ ಇಂಥ ಕೊಡ ಎತ್ತಿದರೆ ಹಿಗ್ಗಿದ ಜೋಲಿಗೆ ಬಿಗಿಯಾಗಲು ಹೊತ್ತೇ ಸಿಗೋದಿಲ್ಲ. ನಮ್ಮ ಹಿರಿಯರು ಬಾಣಂತನದಲ್ಲಿ ಭಾರ ಎತ್ತಬೇಡ ಅಂದದ್ದು ಒಳ್ಳೆಯ ಮಾತು. ಆ ಮಾತು ಸಿರಿವಂತರ ಮನೆಗೆ ಮಾತ್ರ ಅಲ್ಲ, ಕೂಲಿ ಮಾಡುವ ಮನೆಗೂ ಬೇಕು.

ವಯಸ್ಸು: ಮುಟ್ಟು ನಿಂತ ಮೇಲೆ ಮೈಯ ಕೆಲವು ರಸಗಳು ಕಡಿಮೆಯಾಗುತ್ತವೆ. ಜೋಲಿಯೂ ಹಗ್ಗವೂ ತೆಳ್ಳಗಾಗುತ್ತವೆ. ಮೈ ತೂಕ ಬಹಳ ಇದ್ದರೂ ಭಾರ ಹೆಚ್ಚು.

ಈ ಪಟ್ಟಿ ಮತ್ತೊಮ್ಮೆ ಓದಿ. ಇದರಲ್ಲಿ ಪಾಪ ಇದೆಯೇ? ಶಾಪ ಇದೆಯೇ? ನಡತೆಯ ಮಾತು ಇದೆಯೇ? ಇಲ್ಲ. ಇದು ಭಾರದ ಲೆಕ್ಕ. ಭಾರ ಹೊತ್ತವಳು ನಾಚಬೇಕಾಗಿಲ್ಲ.

ಜೋಲಿಗೆ ಬಲ ಕೊಡೋಣ

ಸೀರೆ ಸಡಿಲ ಆದರೆ ತಾನಾಗಿ ಬಿಗಿಯೋದಿಲ್ಲ. ಆದರೆ ನಮ್ಮ ಜೋಲಿ ಜೀವ ಇರುವ ಜೋಲಿ. ಕೆಲಸ ಕೊಟ್ಟರೆ ಬಲ ಬರುತ್ತದೆ. ಅಮೆರಿಕದ ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಇದಕ್ಕೊಂದು ವ್ಯಾಯಾಮದ ಬಗ್ಗೆ ಬರೆದರು. ಇಂದಿಗೂ ವೈದ್ಯರು ಮೊದಲು ಹೇಳುವುದು ಇಂಥ ವ್ಯಾಯಾಮವನ್ನೇ. ಇದಕ್ಕೆ ಕಾಸು ಬೇಡ. ಯಾರಿಗೂ ಕಾಣೋದಿಲ್ಲ.

ಮಾಡುವ ಬಗೆ ಹೀಗೆ:

1. ಆರಾಮವಾಗಿ ಮಲಗಿ, ಇಲ್ಲವೇ ಕೂರಿ.

2. ಗಾಳಿ ಹೋಗದಂತೆ ತಡೆಯುವಾಗ ಹೇಗೆ ಬಿಗಿ ಮಾಡುತ್ತೀರಿ? ಮೂತ್ರ ತಡೆಯುವಾಗ ಹೇಗೆ? ಹಾಗೆ ಕೆಳಗಿನ ಭಾಗವನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ.

3. ಹೊಟ್ಟೆ, ತೊಡೆ, ಕುಂಡಿ ಬಿಗಿಯಬಾರದು. ಉಸಿರು ಕಟ್ಟಬಾರದು.

4. ಒಂದರಿಂದ ಐದು ಎಣಿಸುವವರೆಗೆ ಹಿಡಿಯಿರಿ. ಆಮೇಲೆ ಪೂರ್ತಿ ಸಡಿಲ ಬಿಡಿ. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ರೂಢಿಯಾದ ಮೇಲೆ ಹತ್ತರವರೆಗೆ ಹಿಡಿಯಿರಿ.

5. ಹೀಗೆ 8 ಸಲ ಮಾಡಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ದಿನಕ್ಕೆ ಮೂರು ಹೊತ್ತು.

ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು. ಎಂಟು ದಿನಕ್ಕೆ ಗುಣ ಕಾಣಲಿಲ್ಲ ಎಂದು ಬಿಡಬೇಡಿ. ಮೂತ್ರ ಮಾಡುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡಬೇಡಿ. ಸರಿಯಾಗಿ ಬಿಗಿಯುತ್ತಿದೆಯೋ ಇಲ್ಲವೋ ಎಂದು ನರ್ಸಮ್ಮನನ್ನು, ಡಾಕ್ಟರನ್ನು ಕೇಳಿ.

ಕೊಡ ಎತ್ತುವಾಗಲೂ ಒಂದು ಬಗೆ ಇದೆ. ಕೊಡದ ಹತ್ತಿರ ಹೋಗಿ. ಮೊಣಕಾಲು ಮಡಿಸಿ. ಕೊಡವನ್ನು ಮೈಗೆ ಹತ್ತಿರ ಹಿಡಿಯಿರಿ. ಮೊದಲು ಜೋಲಿ ಬಿಗಿ ಮಾಡಿ. ಆಮೇಲೆ ಉಸಿರು ಬಿಡುತ್ತಾ ಎತ್ತಿ. ಉಸಿರು ಕಟ್ಟಿ ಎತ್ತಿದರೆ ಒತ್ತಡವೆಲ್ಲಾ ಕೆಳಕ್ಕೆ. ಕೆಮ್ಮು, ಸೀನು ಬರುವಾಗಲೂ ಮೊದಲು ಬಿಗಿ ಮಾಡಿ. ಒಂದು ತುಂಬಿದ ಕೊಡಕ್ಕಿಂತ ಎರಡು ಸಲ ಅರ್ಧ ಕೊಡ ಒಳ್ಳೆಯದು.

"ಅರ್ಧ ಕೊಡ ಅಂದ್ರೆ ಎರಡು ಸಲ ನಡೀಬೇಕಲ್ಲ?" ಎಂದು ಒಬ್ಬ ತಂಗಿ ಕೇಳಿದಳು.

"ನೀನೇ ಯಾಕೆ ನಡೀಬೇಕು? ಮನೇಲಿ ಇನ್ನೂ ನಾಲ್ಕು ಜೊತೆ ಕಾಲು ಇಲ್ವಾ?" ಎಂದರು ಅಜ್ಜಿ. ಎಲ್ಲರೂ ನಕ್ಕರು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಕೆಳಗೆ ಏನಾದರೂ ಕೈಗೆ ಸಿಕ್ಕರೆ, ಭಾರ ಅನ್ನಿಸಿದರೆ, ಮೂತ್ರ ಸೋರಿದರೆ ಆಶಾ ಕಾರ್ಯಕರ್ತೆಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ತಾಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಬರೆದುಕೊಡುತ್ತಾರೆ. ಪರೀಕ್ಷೆ ಮಾಡುವಾಗ ಜೊತೆಗೆ ಒಬ್ಬ ಹೆಂಗಸು ಇರಲಿ ಎಂದು ಕೇಳಿ.

ಸ್ವಲ್ಪವೇ ಜಾರಿದ್ದರೆ ವ್ಯಾಯಾಮದಿಂದ ಹಗುರ ಆಗುತ್ತದೆ. ಇನ್ನೂ ಜಾರಿದ್ದರೆ ಪೆಸರಿ ಎಂಬ ಬಳೆಯಂಥ ಸಾಧನ ಹಾಕುತ್ತಾರೆ. ಅದು ಒಳಗೆ ಕೂತು ಅಂಗಗಳಿಗೆ ಆಸರೆ ಕೊಡುತ್ತದೆ. ಅಳತೆ ನೋಡಿಯೇ ಹಾಕಬೇಕು. ಆಗಾಗ ತೋರಿಸಿ ತೊಳೆಸಬೇಕು. ಬಹಳ ಜಾರಿದ್ದರೆ ಆಪರೇಷನ್ ಉಂಟು. ಸಡಿಲಾದ ಆಸರೆಯನ್ನು ಹೊಲಿದು ಸರಿ ಮಾಡುತ್ತಾರೆ.

ಗರ್ಭಕೋಶ ತೆಗೆಯುವುದೊಂದೇ ದಾರಿ ಅಲ್ಲ. ಯೋಚನೆ ಮಾಡಿ. ಕೊಡ ತೆಗೆದರೆ ಸೀರೆಯ ಸೀಳು ಕೂಡಿಕೊಳ್ಳುತ್ತದೆಯೇ? ಆಸರೆ ಸರಿ ಮಾಡದೆ ಗರ್ಭಕೋಶ ಮಾತ್ರ ತೆಗೆದರೆ ಉಳಿದ ಅಂಗ ಮತ್ತೆ ಜಾರಬಹುದು. ತೆಗೆಯಲೇಬೇಕಾದ ಕಾಯಿಲೆಗಳೂ ಇವೆ. ಆದರೆ ಯಾರಾದರೂ "ತೆಗೆಸಿಬಿಡಿ" ಅಂದರೆ ಮೂರು ಪ್ರಶ್ನೆ ಕೇಳಿ. ಯಾಕೆ? ಬೇರೆ ದಾರಿ ಇದೆಯಾ? ತೆಗೆದ ಮೇಲೆ ಏನಾಗತ್ತೆ? ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಕಾಗದಕ್ಕೆ ಸಹಿ ಹಾಕುವ ಮುಂಚೆ ಓದಿ. ಈಗ ನಮಗೆ ಓದಲು ಬರುತ್ತದೆ.

ಮೂತ್ರ ಕಟ್ಟಿಕೊಂಡರೆ, ರಕ್ತ ಬಂದರೆ, ಹೊರಬಂದ ಭಾಗ ಹುಣ್ಣಾದರೆ ತಡ ಮಾಡಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಬಟ್ಟೆ ಉಂಡೆ ತುರುಕುವುದು, ಸೊಪ್ಪು ಅರೆದು ಇಡುವುದು ಬೇಡ. ಅದರಿಂದ ನಂಜಾಗುತ್ತದೆ. ಮೂತ್ರ ಸೋರುತ್ತದೆ ಎಂದು ನೀರು ಬಿಡುವುದೂ ಬೇಡ. ನೀರು ಬಿಟ್ಟರೆ ಮಲಬದ್ಧತೆ, ಉರಿಮೂತ್ರ ಎರಡೂ ಬರುತ್ತವೆ.

ಇದು ನಮ್ಮ ಹಕ್ಕು

ಈ ಕಷ್ಟ ನಮ್ಮೂರಿನದು ಮಾತ್ರ ಅಲ್ಲ. ನೇಪಾಳದ ಗುಡ್ಡಗಾಡಿನ ಹೆಂಗಸರೂ ಚಿಕ್ಕ ವಯಸ್ಸಿಗೇ ಹೆತ್ತು, ಬೆನ್ನ ಮೇಲೆ ಭಾರ ಹೊತ್ತು ಇದೇ ನೋವು ಉಂಡವರು. ಅಲ್ಲಿ ಈ ಮಾತು ಕೋರ್ಟಿಗೆ ಹೋಯಿತು. ಇಷ್ಟೊಂದು ಹೆಂಗಸರ ಗರ್ಭಕೋಶ ಜಾರುತ್ತಿರುವುದು ಅವರ ಆರೋಗ್ಯದ ಹಕ್ಕಿಗೆ ಆದ ಧಕ್ಕೆ ಎಂದು ನೇಪಾಳದ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ನಮ್ಮ ದೇಶದ ಸುಪ್ರೀಂ ಕೋರ್ಟು 2023ರಲ್ಲಿ ಇನ್ನೊಂದು ಮಾತು ಹೇಳಿತು. ಬೇಡದ ಗರ್ಭಕೋಶದ ಆಪರೇಷನ್ನುಗಳನ್ನು ತಡೆಯುವ ನಿಯಮಗಳನ್ನು ಎಲ್ಲಾ ರಾಜ್ಯಗಳೂ ಜಾರಿಗೆ ತರಬೇಕು ಎಂದಿತು.

ನಾವು ಮುಚ್ಚಿಟ್ಟುಕೊಂಡದ್ದು ಕೋರ್ಟಿನಲ್ಲಿ ಮಾತಾಡುವಷ್ಟು ದೊಡ್ಡ ಮಾತು. ಹಾಗಾದರೆ ಮನೆಯಲ್ಲಿ ಯಾಕೆ ಮಾತಾಡಬಾರದು?

ಅಕ್ಕ ಮುಂದಿನ ಸಾಲಿಗೆ ಬಂದರು

ನಮ್ಮ ಅಕ್ಕ ತಾಲೂಕು ಆಸ್ಪತ್ರೆಗೆ ಹೋಗಿ ಬಂದರು. ಜೊತೆಗೆ ಅಜ್ಜಿಯೂ ಹೋಗಿದ್ದರು. ಅಕ್ಕನಿಗೆ ಬಳೆ ಹಾಕಿದರು. ವ್ಯಾಯಾಮ ಹೇಳಿಕೊಟ್ಟರು. ಅವರು ಪೂರಾ ಮೊದಲಿನ ಹಾಗೆ ಆಗಿಲ್ಲ. ಸುಗ್ಗಿ ದಿನಗಳಲ್ಲಿ ಸಂಜೆ ಸೊಂಟ ಈಗಲೂ ಜಗ್ಗತ್ತೆ. ಆದರೆ ನೀರು ಕುಡಿಯುತ್ತಾರೆ. ಕೊಡ ಹೊರುವುದು ಈಗ ಏಳನೇ ಕ್ಲಾಸಿನ ಹುಡುಗ ಮತ್ತು ಅವನಪ್ಪ.

ಮೊನ್ನೆ ಪಾಠದಲ್ಲಿ ಅವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಜ್ಜಿ ಏನೋ ತಮಾಷೆ ಮಾಡಿದರು. ಅಕ್ಕ ಸೆರಗು ಬಾಯಿಗೆ ತರಲಿಲ್ಲ. ಜೋರಾಗಿ ನಕ್ಕರು.

ಓದಿ, ಉತ್ತರ ಹೇಳಿ

1. ಸೊಂಟದ ತಳದ ಜೋಲಿಯ ಮೇಲೆ ಯಾವ ಮೂರು ಅಂಗಗಳಿವೆ?

2. ಜೋಲಿ ಸೋತಾಗ ಭಾರ ಯಾವುದರ ಮೇಲೆ ಬೀಳುತ್ತದೆ?

3. ಬೆಳಗ್ಗೆಗಿಂತ ಸಂಜೆ ಭಾರ ಹೆಚ್ಚು ಅನ್ನಿಸುವುದು ಯಾಕೆ?

4. ಆಪರೇಷನ್ ಮಾಡಿಸಿ ಅಂದರೆ ಕೇಳಬೇಕಾದ ಮೂರು ಪ್ರಶ್ನೆ ಬರೆಯಿರಿ.

ಕೂಡಿ ಮಾತಾಡಿ

ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಬೇಕು? ಯಾರು ಹೊರುತ್ತಾರೆ? ಬಾಣಂತಿ ಇದ್ದಾಗ ಯಾರು ಹೊರಬೇಕು?